ಮುಸುರಿಹೊಂಡದ ಮೂರು ಬೊಗಸೆ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನನ್ನ ತಾಯಿಯ ತಾಯಿ, ಕಾಶವ್ವ ಆಯಿ. ಹೇಳುವಾಗೆಲ್ಲ ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಳ್ಳುತ್ತಿದ್ದಳು, ಅಂದಿನ ನಾತ ಇನ್ನೂ ನಮ್ಮ ಅಂಗಳದವರೆಗೆ ಬರುತ್ತಿದೆ ಎಂಬಂತೆ. ಹಿರೇಗುಳ್ಳಿ ಊರಿನ ಅಗಸಿಬಾಗಿಲು ದಾಟಿ ಬಲಕ್ಕೆ ಹೊರಳಿದರೆ ಮೂರು ಕಡೆ ಮೆಟ್ಟಿಲುಗಳಿರುವ ಒಂದು ಹೊಂಡ ಕಾಣುತ್ತದೆ. ನಾಲ್ಕನೆಯ ಕಡೆ ಮೆಟ್ಟಿಲಿಲ್ಲ, ಹಳೆಯ ಕಲ್ಲಿನ ಗಟಾರವೊಂದು ಬಂದು ಸೇರುತ್ತದೆ. ದಂಡೆಯ ಮೇಲೆ ಆಳೆತ್ತರದ ಕಲ್ಲು. 'ಅಡಿವೆಪ್ಪ ಸಾಹುಕಾರನು ಊರ ಹಿತಕ್ಕಾಗಿ ಕಟ್ಟಿಸಿದ ಧರ್ಮಸಾಗರ' ಎಂದು ಕೊರೆದಿದೆ. ಕಾಲೇಜಿನಲ್ಲಿ ಇತಿಹಾಸ ಓದಿದವಳಾಗಿ ಅಕ್ಷರಗಳು ಸೊಗಸಾಗಿವೆ ಎಂದು ಒಪ್ಪುತ್ತೇನೆ. ಊರವರಿಗೆ ಮಾತ್ರ ಧರ್ಮಸಾಗರ ಎಂದರೆ ಯಾವುದೆಂದು ತಿಳಿಯದು. ಅವರ ಬಾಯಲ್ಲಿ ಅದು ಮುಸುರಿಹೊಂಡ.

ಹಿಂದೆ ಒಮ್ಮೆ, ಹತ್ತಿ ಹೇರಿದ ಚಕ್ಕಡಿಗಳು ಈ ದಾರಿಯಲ್ಲಿ ಸಾಲುಗಟ್ಟುತ್ತಿದ್ದ ಕಾಲದಲ್ಲಿ, ಅಗಸಿಯ ಹೊರಗೆ ಅಡಿವೆಪ್ಪನ ಖಾನಾವಳಿ ಇತ್ತಂತೆ. ಅವನ ಬೇಳೆಸಾರಿಗಾಗಿ ಗಾಡಿಯವರು ಎರಡು ಹರದಾರಿ ಸುತ್ತು ಬಳಸಿ ಬರುತ್ತಿದ್ದರು ಎನ್ನುತ್ತಾರೆ. ಸಾರಿನ ಗುಟ್ಟು ಅವನ ಕೈಯಲ್ಲಿರಲಿಲ್ಲ, ಕೆಳಗಿನ ಓಣಿಯ ಬಾವಿಯಲ್ಲಿತ್ತು. ಊರ ಉಳಿದ ಬಾವಿಗಳೆಲ್ಲ ಸವಳು. ಆ ನೀರಿನಲ್ಲಿ ತೊಗರಿಬೇಳೆ ಮೂರು ತಾಸು ಕುದಿದರೂ ಬೇಯದು. ಓಣಿಯವರು ತಾವು ಕುಡಿಯುವ ಸಿಹಿನೀರಿನಲ್ಲಿ ದಿನಕ್ಕೆ ಹತ್ತು ಕೊಡ ಅವನಿಗೂ ಬಿಡುತ್ತಿದ್ದರು. ಅವನಿಗೆ ಬಾವಿಯೇ ಬೇಕಾಯಿತು. ಬಾವಿಯನ್ನು ಸುಮ್ಮನೆ ಕೇಳಿದರೆ ಯಾರು ಕೊಟ್ಟಾರು? ಆದ್ದರಿಂದ ದಾನ ಮಾಡಲು ಹೊರಟ.

ಖಾನಾವಳಿಯ ಹಿಂದೆ ಕಲ್ಲು ತೆಗೆದ ಹಳೆಯ ಗುಂಡಿಯೊಂದಿತ್ತು. ಇಪ್ಪತ್ತು ವರ್ಷ ಅಲ್ಲಿನ ಕೈತೊಳೆದ ನೀರು, ಪಾತ್ರೆ ತಿಕ್ಕಿದ ನೀರು, ಉಗುಳಿದ ಎಲೆಅಡಿಕೆ ಎಲ್ಲ ಆ ಗುಂಡಿಗೇ ಹರಿದಿದ್ದವು. ಅಡಿವೆಪ್ಪ ಅದಕ್ಕೆ ಮೆಟ್ಟಿಲು ಕಟ್ಟಿಸಿದ, ಸುಣ್ಣ ಬಳಿಸಿದ, ಕಲ್ಲು ನಿಲ್ಲಿಸಿದ. ಮಳೆ ಬಿದ್ದು ಗುಂಡಿ ತುಂಬಿದಾಗ ಮೇಲಿನ ನೀರು ತಿಳಿಯಾಗಿ ಕಂಡಿತು. 'ಇಷ್ಟು ದೊಡ್ಡ ಹೊಂಡ ಓಣಿಗೆ ಕೊಡುತ್ತೇನೆ, ಆ ಸಣ್ಣ ಬಾವಿ ಖಾನಾವಳಿಗೆ ಇರಲಿ' ಎಂದ. ಊರಿನ ಐವರು ಹಿರಿಯರೂ ಹೌದೆಂದರು. ಐವರೂ ಅವನ ಪಂಕ್ತಿಯಲ್ಲಿ ಬಿಟ್ಟಿ ಉಂಡವರು. ಬಿಟ್ಟಿ ಉಂಡವರಿಗೆ ಮೂಗು ಇರುವುದಿಲ್ಲ.

ಆದರೆ ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ನೀರು ದಾನ ಮಾಡಿದವನು ಊರ ಮುಂದೆ ಅದೇ ನೀರನ್ನು ಮೂರು ಬೊಗಸೆ ಕುಡಿಯಬೇಕು. ಕುಡಿದರೆ ದಾನ ಮುಟ್ಟಿತು, ಇಲ್ಲವಾದರೆ ಇಲ್ಲ. ಅಡಿವೆಪ್ಪ ಅದಕ್ಕೂ ದಾರಿ ಹುಡುಕಿದ. ಖಾನಾವಳಿಯಲ್ಲಿ ಮುಸುರೆ ತಿಕ್ಕುತ್ತಿದ್ದ ದ್ಯಾಮವ್ವನನ್ನು ಕರೆದು, "ಬಾವಿ ನೀರು ತುಂಬ್ಕೊಂಡು ಬಾ. ಯಾರರ ಕೇಳಿದ್ರ ಹೊಂಡದ್ದ ಅನ್ನು" ಎಂದ. "ಹೂಂ ರೀ ಅಪ್ಪಾರ" ಎಂದಳು ಆಕೆ. ಇಪ್ಪತ್ತು ವರ್ಷ ತನ್ನ ಪಾತ್ರೆ ತಿಕ್ಕಿದವಳು ಯಾವ ಓಣಿಯವಳೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಆಕೆ ಕೆಳಗಿನ ಓಣಿಯವಳು. ಮನೆಯಲ್ಲಿ ಮೂರು ಮೊಮ್ಮಕ್ಕಳು ಆ ಬಾವಿಯ ನೀರನ್ನೇ ಕುಡಿಯುತ್ತಿದ್ದವು.

ದ್ಯಾಮವ್ವ ಕೊಡ ತುಂಬಿದ್ದು ಗಟಾರ ಬೀಳುವ ಮೂಲೆಯಲ್ಲಿ. ಊರೆಲ್ಲ ಮೆಟ್ಟಿಲ ಮೇಲೆ ನೆರೆದಾಗ ಆಕೆ ಬಗ್ಗಿಸಿದಳು, ಅಡಿವೆಪ್ಪ ಬೊಗಸೆಯೊಡ್ಡಿದ. ಅರಿಸಿನ ಬಣ್ಣದ ಜಿಡ್ಡು, ಅದರಲ್ಲಿ ತೇಲುವ ಒಂದು ಅನ್ನದಗುಳು. ವಾಸನೆ ಬಡಿದದ್ದೇ ಅವನಿಗೆ ತಿಳಿಯಿತು.

"ಎಲ್ಲೀದ ಇದು?" ಎಂದ, ಹಲ್ಲು ಕಚ್ಚಿಕೊಂಡು.

"ಹೊಂಡದ್ದ ರೀ ಅಪ್ಪಾರ. ನೀವ ಹೇಳಿಕೊಟ್ಟಂಗ" ಎಂದಳು, ಎಲ್ಲರಿಗೂ ಕೇಳುವಂತೆ.

ಅಲ್ಲ ಎನ್ನುವಂತಿಲ್ಲ. ಕಣ್ಣು ಮುಚ್ಚಿ ಕುಡಿದ. ಗಾಡಿಯವನೊಬ್ಬ, "ರುಚಿ ಹೆಂಗೈತ್ರೀ ಸಾಹುಕಾರ್ರ?" ಎಂದು ಕೇಳಿದ.

"ಎಳನೀರು ಇದ್ದಂಗ ಐತಿ."

"ಹಂಗಾರ ಇನ್ನೊಂದು ಹಾಕವ್ವಾ, ಭಾಳ ನೀರಡಿಸ್ಯಾರ."

ಎರಡನೆಯದನ್ನೂ ಕುಡಿದ. ನಗುತ್ತಲೇ ಕುಡಿದನಂತೆ. ಮೂರನೆಯದು ಗಂಟಲಿನಲ್ಲಿ ನಿಲ್ಲಲಿಲ್ಲ. ಒಳಗಿದ್ದದ್ದೆಲ್ಲ ಕಿತ್ತುಕೊಂಡು ಬಂದು ಅವನ ಜರಿ ಶಲ್ಯದ ಮೇಲೆ, ಕಲ್ಲಿನಲ್ಲಿ ಕೊರೆಸಿದ ಅವನ ಹೆಸರಿನ ಮೇಲೆ ಬಿತ್ತು. ಊರಗೌಡ ಪಂಚೆ ಎತ್ತಿಕೊಂಡು ದೂರ ಸರಿದು, "ದಾನ ಮುಟ್ಟಲಿಲ್ಲ. ಬಾವಿ ಇದ್ದಲ್ಲೇ ಇರಲಿ" ಎಂದನು. ದ್ಯಾಮವ್ವ ಬರಿಗೊಡವನ್ನು ಅಲ್ಲೇ ಬೋರಲು ಹಾಕಿ ಮನೆಗೆ ನಡೆದಳು. ಮತ್ತೆ ಆ ಖಾನಾವಳಿಯ ಹೊಸ್ತಿಲು ತುಳಿಯಲಿಲ್ಲ ಎನ್ನುತ್ತಾರೆ.

"ಅಂವಗ ಹೇಸಿಗಿ ಆದದ್ದು ಮೂರನೇ ಬೊಗಸಿಗೆ. ಊರಿಗೆ ಹೇಸಿಗಿ ಆದದ್ದು ಅಂವ ಎರಡು ಕುಡದ್ನಲ್ಲ, ಅದಕ್ಕ" ಎನ್ನುತ್ತಿದ್ದಳು ಆಯಿ. ನನಗೂ ಅಷ್ಟೇ. ಪರರ ನೀರು ಕಸಿಯಲು ಮುಸುರೆಯನ್ನೂ ಎಳನೀರು ಎನ್ನಬಲ್ಲವನನ್ನು ನೆನೆದರೆ ಇಂದಿಗೂ ಆಯಿಯಂತೆ ಸೆರಗನ್ನು ಮೂಗಿಗೆ ಹಿಡಿಯುತ್ತೇನೆ.

ಈಗ ಹೋದವರಿಗೆ ಹೊಂಡದಲ್ಲಿ ಆಪು ಹುಲ್ಲು, ಹಸಿರು ಪಾಚಿ, ನಾಲ್ಕಾರು ಎಮ್ಮೆ ಕಾಣುತ್ತವೆ. ಎಮ್ಮೆಗಳೂ ಮೈ ಅದ್ದುತ್ತವೆ, ಬಾಯಿ ಹಾಕುವುದಿಲ್ಲ. ಕೆಳಗಿನ ಓಣಿಯ ಬಾವಿಯಲ್ಲಿ ಈಗಲೂ ಹೆಂಗಸರು ನೀರು ಸೇದುತ್ತಾರೆ. ಕೇಳಿದರೆ ನಿಮಗೂ ಒಂದು ತಂಬಿಗೆ ಕೊಡುತ್ತಾರೆ. ಕುಡಿದು ಬನ್ನಿ. ಬಂದು ಮನೆಯವರಿಗೂ ನೆರೆಯವರಿಗೂ ಈ ಕತೆ ಹೇಳಿ. ಅವನ ಹೆಸರು ಮರೆತರೂ ಚಿಂತೆಯಿಲ್ಲ, ಅದನ್ನು ಕಲ್ಲು ಹೇಳುತ್ತದೆ. ದ್ಯಾಮವ್ವನ ಹೆಸರನ್ನು ನಾವೇ ಹೇಳಬೇಕು.