ಹೊರಡ್ಲಾ ಬಂಡೆ

ಮಡಿಲುಪಟ್ಟಣಕ್ಕೆ ಬಂದವರು ಮೊದಲು ಕೇಳುವುದೇ, ಇಲ್ಲಿ ಈಗ ಯಾವ ಕಾಲ ಎಂದು. ಊರಿನವರೂ ತಲೆ ಕೆರೆದುಕೊಳ್ಳುತ್ತಾರೆ. ಸುತ್ತ ನಾಲ್ಕೂ ಕಡೆ ಗುಡ್ಡ, ನಡುವೆ ಸೀತಾಳೆ ಹೊಳೆ, ಅದರ ದಡದಲ್ಲಿ ಊರು. ಮಾಗಿಯ ಚಳಿ ಗುಡ್ಡದಾಚೆಯೇ ಉಳಿಯುತ್ತದೆ, ಗಾಳಿಗೆ ಒಳಬರಲು ದಾರಿಯಿಲ್ಲ. ಪಡುವಣದ ಮುಗಿಲುಗುಡ್ಡದ ಮೇಲೆ ಆರಿದ್ರೆ ಮಳೆ ಧೋ ಎಂದು ಸುರಿಯುವಾಗ ಪೇಟೆಯಲ್ಲಿ ಹಪ್ಪಳ ಒಣಗಿಸುತ್ತಿರುತ್ತಾರೆ. ಆ ಗುಡ್ಡದ ಅರ್ಧದಾರಿಯಲ್ಲಿ, ಮೆಟ್ಟಿಲ ಪಕ್ಕಕ್ಕೆ, ಒಂದು ದೊಡ್ಡ ಬಂಡೆಯಿದೆ. ಅದನ್ನು ಹೊರಡ್ಲಾ ಬಂಡೆ ಎನ್ನುತ್ತಾರೆ. ಹೆಸರು ಕೇಳಿ ಕಿಸಕ್ಕನೆ ನಗುವ ಪ್ರವಾಸಿಗರನ್ನು ಕಂಡರೆ ಇಲ್ಲಿನ ಹಿರಿಯರಿಗೆ ಮೈ ಉರಿಯುತ್ತದೆ. ನಗುವಂಥ ಹೆಸರಲ್ಲ ಅದು.

ಹಿಂದೆ, ಪಾಳೆಯಗಾರರ ಕಾಲದಲ್ಲಿ, ಬಟ್ಟೆಗೆ ಬಣ್ಣ ಹಾಕುವವರು ಬೇಸಿಗೆಯಿಡೀ ಹೊಳೆಯ ಮರಳಿನ ಮೇಲೆಯೇ ಗುಡಿಸಲು ಹಾಕಿಕೊಂಡಿರುತ್ತಿದ್ದರಂತೆ. ಕಣಿವೆಯೊಳಗಿಂದ ಗುಡ್ಡದಾಚೆಯ ಮೋಡ ಕಾಣದು, ಅಲ್ಲಿ ಸುರಿದ ನೀರು ಮಾತ್ರ ಈ ಹೊಳೆಗೇ ಇಳಿಯುತ್ತದೆ. ಅದಕ್ಕೇ ಗುಡ್ಡದ ನೆತ್ತಿಯಲ್ಲಿ ಆಳೆತ್ತರದ ನಗಾರಿಯಿಟ್ಟು, ಮೇಲೆ ಮಳೆ ಹಿಡಿದ ಕೂಡಲೇ ಬಾರಿಸಲು ಬೊಮ್ಮಯ್ಯನೆಂಬವನನ್ನು ನೇಮಿಸಿದ್ದರು. ನಗಾರಿ ಕೇಳಿದರೆ ಮರಳು ಬಿಟ್ಟು ದಡ ಹತ್ತಬೇಕು, ಅದು ಊರ ಕಟ್ಟಳೆ. ಅವನ ಹೆಂಡತಿ ಕೆಂಚವ್ವನೂ ಮೂರು ತಿಂಗಳ ಕೂಸಿನೊಂದಿಗೆ ಆ ಗುಡಿಸಲುಗಳಲ್ಲೇ ಇದ್ದಳು. ಆ ವರ್ಷ ಬೊಮ್ಮಯ್ಯ ಮೂರು ಸಲ ಬಾರಿಸಿದ. ಮೂರು ಸಲವೂ ಜನ ಒದ್ದೆ ಸೀರೆ, ಬಣ್ಣದ ಹರವಿ ಹೊತ್ತು ಏದುಸಿರು ಬಿಡುತ್ತ ದಡ ಹತ್ತಿದರು. ಮಳೆ ಗುಡ್ಡದ ಮೇಲೆ ನಾಲ್ಕು ಹನಿ ಉದುರಿಸಿ ಹೋಯಿತು. ಬಣ್ಣ ಕೆಟ್ಟಿತು, ಜನ ಕೆರಳಿದರು. ಬಣ್ಣದವರ ಕೇರಿಯ ಯಜಮಾನ ಗುಡ್ಡ ಹತ್ತಿ ಬಂದು, "ಇನ್ಮೇಲೆ ನಮ್ಮ ಅಂಗಳದಲ್ಲೂ ಹನಿ ಬಿದ್ರೆ ಮಾತ್ರ ಬಾರಿಸು. ಇಲ್ಲಾಂದ್ರೆ ಕೋಲು ಕಿತ್ಕೋತೀನಿ," ಎಂದು ಗದರಿ ಹೋದ. ಎಂಥಾ ಮಾತು! ಅಂಗಳದಲ್ಲಿ ಹನಿ ಬಿದ್ದ ಮೇಲೆ ನಗಾರಿ ಯಾತಕ್ಕೆ? ಆದರೂ ಬೊಮ್ಮಯ್ಯ ತಲೆಯಾಡಿಸಿ ಒಪ್ಪಿಕೊಂಡ.

ಎಂಟು ದಿನ ಕಳೆದಿರಬೇಕು. ನೆತ್ತಿಯ ಮೇಲೆ ಬೆಳಗಿನಿಂದಲೇ ಕುಂಭದ್ರೋಣ ಮಳೆ. ಮಳೆಯ ಮಬ್ಬಿನಲ್ಲಿ ಕೆಳಗಿನ ಊರು ಕಾಣಿಸದು. ಬಾರಿಸಲೋ ಬೇಡವೋ? ಕೋಲು ಎತ್ತಿದ, ಇಳಿಸಿದ. ಕೊನೆಗೆ, ಊರಲ್ಲೂ ಮಳೆಯಿದೆಯೋ ನೋಡಿಯೇ ಬರೋಣವೆಂದು ಮೆಟ್ಟಿಲಿಳಿದ. ಅರ್ಧದಾರಿಯ ಬಂಡೆ ದಾಟಿದ್ದೇ ತಡ, ಮಳೆ ಇಲ್ಲ, ಸುಡು ಬಿಸಿಲು! ಮರಳಿಗೆ ಬಂದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಯ್ಯಾ, ನಿನಗೊಬ್ಬನಿಗೇ ಮಳೆ ಬಂತಾ?" ತೊಟ್ಟಿಕ್ಕುವ ಪಂಚೆ ನೋಡಿಕೊಂಡ ಬೊಮ್ಮಯ್ಯನಿಗೆ, ತಾನು ಮೇಲೆ ಕಂಡದ್ದು ಮಳೆಯೇ ಹೌದೇ ಎಂಬ ಅನುಮಾನ ಹತ್ತಿತು. ಕೆಂಚವ್ವ ಮಾತ್ರ ನಗಲಿಲ್ಲ. ಅವನ ಪಂಚೆಯ ಅಂಚು ಹಿಂಡಿ ನೋಡಿ, ಕೂಸನ್ನು ಹೆಗಲಿಗೆ ಹಾಕಿಕೊಂಡು, "ನೀವೇ ಹೇಳಿ, ಹೊರಡ್ಲಾ?" ಎಂದಳು. ಅವನು ಆಕಾಶ ನೋಡಿದ, ಹೊಳೆ ನೋಡಿದ, ನಗುವ ಮುಖಗಳನ್ನು ನೋಡಿದ. "ಇರು, ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ," ಎಂದುಬಿಟ್ಟ.

ಬಂಡೆಯವರೆಗೆ ಹತ್ತಿದ, ಮಳೆ. ನಾಲ್ಕು ಮೆಟ್ಟಿಲಿಳಿದ, ಬಿಸಿಲು. ಯಾವುದನ್ನು ನಂಬುವುದು? ಹೀಗೆ ಎಷ್ಟು ಸಲ ಹತ್ತಿ ಇಳಿದನೋ ಅವನಿಗೇ ತಿಳಿಯದು. ಅಷ್ಟರಲ್ಲಿ ಗುಡ್ಡದ ಸಂದಿಯಿಂದ ಕೆಮ್ಮಣ್ಣಿನ ನೀರು, ಬುಡಸಮೇತ ಕಿತ್ತ ಮರಗಳನ್ನು ಹೊತ್ತು, ಆ ಬಿಸಿಲಿನಲ್ಲೇ ನುಗ್ಗಿ ಬಂತು. ನಗಾರಿ ಮೇಲಿತ್ತು, ಅವನ ಕೂಗು ಕೆಳಗೆ ಮುಟ್ಟಲಿಲ್ಲ. ಗುಡಿಸಲು ಒಂದೂ ಉಳಿಯಲಿಲ್ಲ. ಹೇಗೋ ಓಡಿ ದಡ ಹತ್ತಿದವರು ಆಮೇಲೆ ಹೇಳಿದರು: ಕೆಂಚವ್ವನಿಗೂ ಓಡಲು ಹೊತ್ತಿತ್ತು. "ಇರು ಅಂದಿದ್ದಾರೆ," ಎಂದು ಅವಳು ಕೂಸನ್ನೆತ್ತಿಕೊಂಡು ಮೆಟ್ಟಿಲ ಕಡೆಗೇ ನೋಡುತ್ತ ನಿಂತಿದ್ದಳಂತೆ. ಬೊಮ್ಮಯ್ಯ ಸಾಯುವವರೆಗೂ ಆ ಬಂಡೆ ಬಿಟ್ಟು ಕದಲಲಿಲ್ಲ. "ಹೊರಡ್ಲಾ?" ಎಂದು ತಾನೇ ಕೇಳಿಕೊಂಡು, "ಹೊರಡು, ಹೊರಡು ತಾಯಿ," ಎಂದು ತಾನೇ ಅಳುತ್ತಿದ್ದ ಎನ್ನುತ್ತಾರೆ.

ಈಗಲೂ ಆರಿದ್ರೆಯ ದಿನಗಳಲ್ಲಿ ಹೊಳೆಯ ಸೋಪಾನಕ್ಕೆ ಹೋದವರು ಒಂದನ್ನು ಕಾಣಬಹುದು. ಬಟ್ಟೆ ಒಗೆಯುವ ಹೆಂಗಸರ ನಡುವೆ, ಸುಡು ಬಿಸಿಲಲ್ಲಿ, ಮೈಯೆಲ್ಲ ನೆನೆದ ಯಾರೋ ಒಬ್ಬರು ಗುಡ್ಡದಿಂದ ಇಳಿದು ಬರುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಹೆಂಗಸರೆಲ್ಲ ಸೋಪು, ಬಕೆಟ್ಟು, ಅರ್ಧ ಒಗೆದ ಬಟ್ಟೆ ಅಲ್ಲೇ ಬಿಟ್ಟು, ಮಕ್ಕಳನ್ನೆತ್ತಿಕೊಂಡು ದಡ ಹತ್ತುತ್ತಾರೆ.