ಬಕ್ಕೇಶಪ್ಪನವರ ಖಾಲಿ ಜಾಗ

ದಾವಣಗೆರೆಯಲ್ಲಿ ನಾನು ಪ್ರೂಫ್ ತಿದ್ದುತ್ತಿದ್ದ ಪ್ರೆಸ್ಸಿನ ಮಾತಿದು, ಕೇಳಿ. ನೆನೆದರೆ ಈಗಲೂ ನಗು ಬರುತ್ತದೆ. ಆವತ್ತು ಮಾತ್ರ ನಮಗೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

ಕುಸ್ತಿ ಸಂಘದ ಅಧ್ಯಕ್ಷ ಬಕ್ಕೇಶಪ್ಪನವರು ಆ ವರ್ಷದ ಕುಸ್ತಿಯ ಪೋಸ್ಟರ್ ಮಾಡಿಸಲು ಬಂದರು. "ನನ್ನ ಹೆಸರು, ಹನ್ನೊಂದು ಬಿರುದು, ಎಲ್ಲಾ ದಪ್ಪಕ್ಷರ. ಬೆರಳಗಲ ಜಾಗವೂ ಖಾಲಿ ಬಿಡಕೂಡದು!"

ಮಾಲೀಕರು ಅಚ್ಚಿನ ಮೊಳೆ ಜೋಡಿಸುವ ಕೊಟ್ರಪ್ಪನ ಕಿವಿಯಲ್ಲಿ, "ಅವರು ಮುನಿಸಿಕೊಂಡು ಹೋದರೆ ನೀನೂ ಹೊರಡು" ಎಂದರು. ಅವನ ಮನೆಯಲ್ಲಿ ಮಗಳ ಬಾಣಂತನ. ಇತ್ತ ಪೋಸ್ಟರ್ ಓದಲಾಗದೆ ಜನ ಬರದಿದ್ದರೂ ಬೈಗುಳ ಅವನಿಗೇ.

ಅಧ್ಯಕ್ಷರು ಹೇಳಿದಂತೆಯೇ ಕೊಟ್ರಪ್ಪ ಜೋಡಿಸಿದ. ಕೊನೆಗೆ, ವಾಡಿಕೆಯಂತೆ, ಕೆಳಗೆ ಪ್ರೆಸ್ಸಿನ ಹೆಸರನ್ನು ಚಿಕ್ಕದಾಗಿ ಹಾಕಿದ. ಅದರ ಸುತ್ತ ಮಾತ್ರ ನಾಲ್ಕು ಬೆರಳು ಬಿಳಿ ಬಿಟ್ಟ. ಪ್ರೂಫನ್ನು ಬಾಗಿಲಿಗೆ ಅಂಟಿಸಿ, ನೋಡಲು ಬಂದಿದ್ದ ಅಧ್ಯಕ್ಷರ ಎದುರೇ, ಚಹಾ ತಂದಿದ್ದ ಗಂಗಮ್ಮನನ್ನು ಕೇಳಿದ: "ಏನು ಕಾಣ್ತೈತೆ, ಓದವ್ವ."

ಗಂಗಮ್ಮ ಕಣ್ಣು ಕಿರಿದು ಮಾಡಿದಳು. "ಮೇಲೆಲ್ಲ ಸಂತೆ ನೆರೆದಂಗೈತೆ. ಕೆಳಗೆ ನಿಮ್ಮ ಪ್ರೆಸ್ಸಿನ ಹೆಸರು ಕಾಣ್ತೈತೆ, ಅಷ್ಟೇ."

ಬಕ್ಕೇಶಪ್ಪನವರ ಮುಖ ಕೆಂಪಾಯಿತು.

"ಏಯ್, ಆ ಜಾಗ ನನಗೆ ಕೊಡು!"

"ಕೊಡ್ತೀನಿ ಸಾಹುಕಾರ್ರೆ. ಆದ್ರೆ ಬಿರುದುಗಳು ಹೊರಗೆ ನಿಲ್ಲಬೇಕಾಗ್ತದೆ."

ನಿಂತವು. ಮೇಲೆ ದಪ್ಪಗೆ ಕುಸ್ತಿ, ತಾರೀಖು. ಕೆಳಗೆ ಬಿಳಿಯ ನಡುವೆ ಅವರೊಬ್ಬರದೇ ಹೆಸರು. ಅಖಾಡ ತುಂಬಿ ತುಳುಕಿತು, ಕೊಟ್ರಪ್ಪನ ಕೆಲಸ ಉಳಿಯಿತು.

ಮರುವರ್ಷ ಸಂಘದ ಕಾರ್ಯದರ್ಶಿ ಆ ಬಿಳಿಯಲ್ಲಿ ತನ್ನ ಹೆಸರನ್ನೂ ಸೇರಿಸಲು ಕೇಳಿದನಂತೆ. ಬಕ್ಕೇಶಪ್ಪನವರು ಏದುಸಿರು ಬಿಡುತ್ತ ಪ್ರೆಸ್ಸಿಗೆ ಓಡಿ ಬಂದರು.

"ಕೊಟ್ರಪ್ಪ, ಆ ಖಾಲಿ ಜಾಗ ನಂದು. ಅದರಲ್ಲಿ ಒಂದು ಚುಕ್ಕಿ ಬಿದ್ದರೂ ನೋಡು!"