ರಬ್ಬರಿನ ಎರಡು ಎಸಳು

ಶಿಷ್ಯ ಕೇಳಿದ: “ಗುರುಗಳೇ, ಊರು ಬಿಟ್ಟು ಇಲ್ಲಿಗೆ ಬಂದೆ. ಹೊಸ ಜಾಗ, ಹೊಸ ಅಭ್ಯಾಸ, ಹೊಸ ಗೆಳೆಯರು. ಎಲ್ಲವನ್ನೂ ಬದಲಿಸಿದೆ. ಆದರೂ ಸಣ್ಣ ಮಾತಿಗೇ ಮೈ ಉರಿಯುತ್ತದೆ. ಈ ಸಿಟ್ಟು ಏಕೆ ಆರುವುದಿಲ್ಲ?”

ಗುರುಗಳು ಹೇಳಿದರು:

ನಾನು ಹಿಂದೆ, ಹೊಳೆ ಸಮುದ್ರ ಸೇರುವ ಒಂದು ಅಳಿವೆಯ ಊರಿನಲ್ಲಿ ಮಾಸ್ತರನಾಗಿದ್ದೆ. ಶಾಲೆ ಆಚೆ ದಡದಲ್ಲಿತ್ತು. ಸೇತುವೆ ಇರಲಿಲ್ಲ. ಒಂಬತ್ತು ವರ್ಷ ಒಂದೇ ದೋಣಿಯಲ್ಲಿ ಹೊಳೆ ದಾಟಿದೆ. ದೋಣಿ ಇಬ್ಬರು ಅಂಬಿಗರದು. ಅಣ್ಣ ಬೊಮ್ಮಯ್ಯ, ತಮ್ಮ ಜಟ್ಟಪ್ಪ. ಅಣ್ಣ ಹಿಂದೆ ಕೂತು ಎಂಜಿನ್ ನಡೆಸುತ್ತಿದ್ದ. ತಮ್ಮ ಮುಂದೆ ಗಳ ಹಿಡಿದು ನಿಲ್ಲುತ್ತಿದ್ದ. ಆ ಎಂಜಿನ್ನಿನ ಸೀಮೆಎಣ್ಣೆಯ ವಾಸನೆ ಈಗಲೂ ನನಗೆ ಮುಂಜಾವಿನ ವಾಸನೆಯೇ.

ಅಂಥ ಎಂಜಿನ್ ಹೊಳೆಯ ನೀರನ್ನು ಹೀರಿ ತನ್ನ ಮೈ ತಂಪು ಮಾಡಿಕೊಳ್ಳುತ್ತದೆ. ಹಿಂದಿನ ಒಂದು ತೂತಿನಿಂದ ಸಣ್ಣ ನೀರಿನ ಎಳೆ ಹೊರಗೆ ಚಿಮ್ಮುತ್ತಿರುತ್ತದೆ. ಎಳೆ ಸಣ್ಣಗಾದರೆ ಒಳಗೆ ಕಾವು ಏರುತ್ತಿದೆ ಎಂದು ತಿಳಿಯಬೇಕು. ಬೊಮ್ಮಯ್ಯ ಯಾರೊಡನೆ ಮಾತಾಡುತ್ತಿದ್ದರೂ ಒಂದು ಕೈಯನ್ನು ಆ ನೀರಿಗೆ ಒಡ್ಡಿರುತ್ತಿದ್ದ.

ಒಂದು ದಿನ ಸಮುದ್ರದ ಇಳಿತದ ಹೊತ್ತು. ನೀರು ತೀರಾ ಕಡಿಮೆಯಿತ್ತು. ನೀರಿನಡಿಯ ಮರಳುದಿಬ್ಬದ ಮೇಲೆಯೇ ದಾಟಿಸೋಣ ಎಂದ ತಮ್ಮ. ಭರತ ಬಂದು ನೀರು ಏರಲಿ ಎಂದ ಅಣ್ಣ. ತಮ್ಮನಿಗೆ ರೇಗಿತು. “ನಿನಗೆ ನೀರು ಕಂಡರೆ ಹೆದರಿಕೆ. ಸೀರೆ ಉಟ್ಟು ಮನೆಯಲ್ಲಿ ಕೂತುಕೋ” ಎಂದುಬಿಟ್ಟ. ದೋಣಿಯ ತುಂಬ ಜನ. ಯಾರೋ ನಕ್ಕರು. ಬೊಮ್ಮಯ್ಯ ದೋಣಿಯಿಂದ ಇಳಿದು ಹೋದ. ಮರುದಿನ ಗಂಟುಮೂಟೆ ಕಟ್ಟಿ ಹೊಳೆಯ ಮೇಲ್ಮಗ್ಗುಲಲ್ಲಿದ್ದ ಹೆಂಡತಿಯ ಊರು ಸೇರಿದ.

ಜಟ್ಟಪ್ಪ ಅಂದು ದಿಬ್ಬದ ಮೇಲೆಯೇ ದಾಟಿಸಿದ. ಎಂಜಿನ್ ನೀರಿನ ಜೊತೆ ಮರಳನ್ನೂ ಹೀರಿತು. ಆ ದಿನದಿಂದ ನೀರಿನ ಎಳೆ ಸಣ್ಣಗಾಯಿತು.

ಅವನು ಸೋಮಾರಿಯಲ್ಲ. ನೀರು ಹೀರುವ ಬಾಯಿಗೆ ಸಿಕ್ಕಿದ ಪಾಚಿ ಕಿತ್ತ. ಹೊರಗಿನ ತೂತಿಗೆ ತಂತಿ ಚುಚ್ಚಿ ನೋಡಿದ. ಪಂಪು ಬಿಚ್ಚಿದ. ಒಳಗೆ ಎಸಳುಗಳಿಂದ ನೀರು ತಳ್ಳುವ ರಬ್ಬರ್ ಚಕ್ರ ಹರಿದುಹೋಗಿತ್ತು. ಅದನ್ನು ಎಸೆದು ಹೊಸದು ಹಾಕಿದ. ಎಂಜಿನ್ ನಿಧಾನಕ್ಕೆ ಓಡಿದರೆ ಸರಿ, ಜೋರು ಮಾಡಿದರೆ ಬಿಸಿಯೇರುತ್ತಿತ್ತು. ಮತ್ತೊಂದು ಹೊಸ ಚಕ್ರ ಹಾಕಿದ. ಅದೇ ಪಾಡು. ದಿನಕ್ಕೆ ನಾಲ್ಕು ಸಲ ಎಂಜಿನ್ನಿಗೂ ಜನರಿಗೂ ಒಟ್ಟಿಗೆ ಬೈಯುತ್ತಿದ್ದ. 

ಹೀಗೆ ಆರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಬಳಚು ಎಂಬ ಚಿಪ್ಪುಮೀನು ತುಂಬಿದ ಬುಟ್ಟಿಗಳೊಡನೆ ಏಳು ಹೆಂಗಸರು ಹತ್ತಿದರು. ನಾನೂ ಇದ್ದೆ. ಅಳಿವೆಯ ಹತ್ತಿರ ಎಂಜಿನ್ ಬಿಸಿಯೇರಿ ನಿಂತುಹೋಯಿತು. ಇಳಿತದ ಸೆಳೆತ ನಮ್ಮನ್ನು ಸಮುದ್ರದ ಕಡೆಗೆ ಎಳೆಯತೊಡಗಿತು. ಲಂಗರು ಎರಡು ಸಲ ಜಾರಿ, ಮೂರನೆಯ ಸಲ ಬಂಡೆಗೆ ಸಿಕ್ಕಿಕೊಂಡಿತು. ಸೆಳೆತ ತಗ್ಗಿದಾಗ ಲಂಗರು ಎತ್ತಿ, ಕೂರುವ ಹಲಗೆಗಳನ್ನು ಕಿತ್ತು ಎಲ್ಲರೂ ಹುಟ್ಟು ಹಾಕಿದೆವು. ದಡ ಮುಟ್ಟಿದಾಗ ಬುಡ್ಡಮ್ಮ ಎಂಬ ಮುದುಕಿ, “ಬೊಮ್ಮಯ್ಯ ಇದ್ದಿದ್ದರೆ...” ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. 

ಮಧ್ಯಾಹ್ನ ಜಟ್ಟಪ್ಪ ಎಂಜಿನ್ನನ್ನು ಹೆಗಲ ಮೇಲೆ ಹೊತ್ತು ಅಣ್ಣನ ಅಂಗಳಕ್ಕೆ ಹೋದ. ಹೆಗಲು ಬದಲಿಸಲು ಜೊತೆಗೆ ನಾನೂ ಹೋಗಿದ್ದೆ. ಬೊಮ್ಮಯ್ಯ ಕುಶಲ ಕೇಳಲಿಲ್ಲ. ಎಂಜಿನ್ನಿನ ಕಷ್ಟವನ್ನು ಪೂರ್ತಿ ಕೇಳಿಸಿಕೊಂಡ.

“ಹಳೆಯ ಚಕ್ರ ತೆಗೆದಾಗ ಎಸಳು ಎಷ್ಟಿದ್ದವು?”

“ನಾಲ್ಕು.”

“ಆರು ಇರಬೇಕಲ್ಲ ಮಾರಾಯ. ಉಳಿದ ಎರಡು ಎಲ್ಲಿ ಹೋದವು?”

ಜಟ್ಟಪ್ಪ ಅದನ್ನು ಹುಡುಕಿರಲೇ ಇಲ್ಲ. ಹರಿದದ್ದು ಹರಿಯಿತು, ಹೊಸದು ಬಂತು ಎಂದುಕೊಂಡಿದ್ದ.

ಬೊಮ್ಮಯ್ಯ ಪಂಪಿನಿಂದ ಮೇಲಕ್ಕೆ ಹೋಗುವ ನೀರಿನ ಕೊಳವೆ ಬಿಚ್ಚಿದ. ತಿರುವಿನಲ್ಲಿ ರಬ್ಬರಿನ ಎರಡು ತುಣುಕು ಅಡ್ಡ ಸಿಕ್ಕಿಕೊಂಡಿದ್ದವು. ಇಕ್ಕಳದಿಂದ ಎಳೆದು ತಮ್ಮನ ಅಂಗೈಯಲ್ಲಿ ಇಟ್ಟ. ಉಗುರಿಗಿಂತ ತುಸು ದೊಡ್ಡವು. ಎಂಜಿನ್ನನ್ನು ನೀರಿನ ಪೀಪಾಯಿಗೆ ಇಳಿಸಿ ಓಡಿಸಿದಾಗ ಎಳೆ ಅಂಗಳದ ಆಚೆಗೆ ಚಿಮ್ಮಿತು.

ಜಟ್ಟಪ್ಪ ಎಂಜಿನ್ ನಿಲ್ಲಿಸಿದ. ಹೊರಡಲಿಲ್ಲ. ಅಂಗೈಯಲ್ಲಿದ್ದ ತುಣುಕುಗಳನ್ನು ನೋಡಿದ. ಕೊನೆಗೆ, “ಅಣ್ಣಾ, ಅವತ್ತು ಅಷ್ಟು ಜನರ ಎದುರು ನಾನು ಹಾಗೆ ಅನ್ನಬಾರದಿತ್ತು” ಎಂದ. 

ಬೊಮ್ಮಯ್ಯ ಕೈ ಒರೆಸಿಕೊಂಡ. “ಊಟ ಮಾಡಿ ಹೋಗುವ. ನಾನೂ ಬರುತ್ತೇನೆ” ಎಂದ.

ಸೇತುವೆ ಆಗುವವರೆಗೂ ಅವರಿಬ್ಬರೂ ಒಟ್ಟಿಗೆ ದೋಣಿ ನಡೆಸಿದರು. ಈಗ ಅಲ್ಲಿ ಬಸ್ಸು ಎರಡು ನಿಮಿಷದಲ್ಲಿ ಹೊಳೆ ದಾಟುತ್ತದೆಯಂತೆ. ನಾನು ಹೋಗಿ ನೋಡಿಲ್ಲ. ನೋಡಬೇಕೆಂದು ಅನಿಸಿಯೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಾದ. 

“ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ” ಎಂದ.

ಗುರುಗಳು ಅವನ ಕಡೆ ತಿರುಗಿದರು.

“ನೀನೂ ಹೊಸ ಚಕ್ರ ಹಾಕಿದ್ದೀಯ, ಹಳೆಯ ಎಸಳು ಒಳಗೇ ಇವೆ. ಮನೆ ಬಿಟ್ಟ ದಿನ ನೀನು ಯಾರ ಮುಖ ನೋಡದೆ ಬಂದೆ?”

ಶಿಷ್ಯ ತಲೆ ತಗ್ಗಿಸಿದ.